ಚಾದರದ ಹಿಂದಿನ ಕಿವಿ

ಕೂಗಬೇಕೋ, ಮಗ್ಗುಲು ಬದಲಿಸಿ ಇನ್ನೊಂದು ನಿದ್ದೆ ತೆಗೆಯಬೇಕೋ ಎಂದು ಕೋಳಿ ಇನ್ನೂ ಯೋಚಿಸುತ್ತಿರುವ ಹೊತ್ತು. ಊರಿನ ಆಸ್ಪತ್ರೆಗಳ ಕೊಳೆಯನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಬೆಳ್ಳಗೆ ಮಾಡಿ ಕಳಿಸುವ, ಬಟ್ಟೆ ಒಗೆಯುವ ದೊಡ್ಡ ಕಾರ್ಖಾನೆ. ಅದರ ಇಸ್ತ್ರಿ ಕೋಣೆಯಲ್ಲಿ ಅರವತ್ತರ ಹತ್ತಿರದ ಹೆಂಗಸೊಬ್ಬರು ಸ್ಟೂಲು ಹತ್ತಿ ನಿಂತಿದ್ದಾರೆ. ಈ ಗೋಡೆಯ ಮೊಳೆಗೂ ಆ ಗೋಡೆಯ ಮೊಳೆಗೂ ಹಗ್ಗ ಬಿಗಿದು, ಅದರ ಮೇಲೊಂದು ಬಿಳಿ ಚಾದರ ಇಳಿಬಿಡುತ್ತಿದ್ದಾರೆ. ಆ ಕೋಣೆಯ ಶಾಖ ಎಂಥದ್ದೆಂದರೆ, ಮೊಟ್ಟೆ ತಂದಿಟ್ಟರೆ ಗಳಿಗೆಯಲ್ಲಿ ಮರಿ ಹೊರಬಂದು, ಹಣೆ ಒರೆಸಿಕೊಂಡು, "ಫ್ಯಾನ್ ಹಾಕ್ರಪ್ಪಾ" ಎನ್ನುತ್ತದೆ. ಆದರೂ ಆಕೆ ಆ ಕೋಣೆಯನ್ನೇ ಕೇಳಿ ಪಡೆದಿದ್ದಾರೆ. ಇಡೀ ಕಾರ್ಖಾನೆಯಲ್ಲಿ ಯಂತ್ರಗಳ ಗದ್ದಲ ತಲುಪದ ಜಾಗ ಅದೊಂದೇ. ಆಕೆಯ ಕೆಲಸಕ್ಕೆ ಗಾಳಿ ಇಲ್ಲದಿದ್ದರೂ ನಡೆದೀತು, ಮೌನ ಇಲ್ಲದಿದ್ದರೆ ನಡೆಯದು.

ಚಾದರದ ಆಚೆ ಒಂದು ಮೇಜು, ಒಂದು ಕುರ್ಚಿ, ಮೇಜಿನ ಮೇಲೆ ಕವುಚಿಟ್ಟ ಹಾಳೆ. ಈಚೆ ಅದೇ ಸ್ಟೂಲು, ಒಂದು ಪೆನ್ಸಿಲು, ಚಹಾದ ಫ್ಲಾಸ್ಕು. ರಾತ್ರಿ ಪಾಳಿ ಮುಗಿಸಿದ, ಬಟ್ಟೆ ಮಡಿಸುವ ಹೆಣ್ಣುಮಗಳೊಬ್ಬಳು ಆಕಳಿಸುತ್ತ ಬಂದು ಕುರ್ಚಿಯಲ್ಲಿ ಕೂರುತ್ತಾಳೆ.

"ಹಾಳೆ ತಿರುಗಿಸ್ಕೋ ಮಗಾ," ಚಾದರದ ಹಿಂದಿನಿಂದ ದನಿ ಬರುತ್ತದೆ. "ಬಾಯಲ್ಲಿ ಓದಬೇಡ, ಕಣ್ಣಲ್ಲಿ ಓದು. ಅವಸರ ಏನಿಲ್ಲ."

ಹಾಳೆ ಸರಕ್ಕೆನ್ನುತ್ತದೆ. ಆಮೇಲೆ ಮೌನ. ಮೂಲೆಯ ಹಬೆ ಕೊಳವೆ ಒಮ್ಮೆ ಸೀನಿ ಸುಮ್ಮನಾಗುತ್ತದೆ. ಸ್ಟೂಲಿನ ಮೇಲೆ ಕೂತವರು ಕಣ್ಣು ಮುಚ್ಚಿ, ತಲೆ ಒಂದಿಷ್ಟು ವಾಲಿಸಿ, ಕಿವಿಯನ್ನು ಚಾದರದತ್ತ ಚಾಚಿದ್ದಾರೆ. ಅಷ್ಟರಲ್ಲಿ ಆಚೆಯಿಂದ ಫಕ್ಕನೆ ಒಂದು ನಗು.

"ಪಾಸು ಕಣೇ. ಮನೆಗೆ ಹೋಗಿ ಮಲ್ಕೋ. ಮುಂದಿನವರು ಬನ್ನಿ."

ಪರೀಕ್ಷೆ ಮುಗಿಯಿತು. ಪ್ರಶ್ನೆ ಇಲ್ಲ, ಉತ್ತರ ಇಲ್ಲ, ಬಿಟ್ಟ ಸ್ಥಳ ತುಂಬುವುದಿಲ್ಲ. ಆ ಹೆಣ್ಣುಮಗಳು ಓದಿ ನಕ್ಕ ಹಾಳೆಯಲ್ಲಿ ಇದ್ದದ್ದು ಇಷ್ಟು: ‘ಒಬ್ಬ ಅಂಗಡಿಯವನಿಗೆ ಬೀದಿಯಲ್ಲಿ ಒಂದು ಕನ್ನಡಕ ಸಿಕ್ಕಿತು. ಗಾಜು ತುಂಬಾ ದಪ್ಪ. ಇದಿಲ್ಲದೆ ಇದರ ಯಜಮಾನನಿಗೆ ಏನೂ ಕಾಣುವುದಿಲ್ಲ ಎಂದು ಅವನಿಗೆ ಗೊತ್ತಾಯಿತು. ಪಾಪ ಅನ್ನಿಸಿತು. ಕೂಡಲೇ ಅಂಗಡಿಯ ಮುಂದೆ ಬೋರ್ಡು ಹಾಕಿದ. ಕನ್ನಡಕ ಸಿಕ್ಕಿದೆ. ಕಳೆದುಕೊಂಡವರು ಈ ಬೋರ್ಡು ಓದಿ ಒಳಗೆ ಬನ್ನಿ.’

ಬೇರೆ ಬೇರೆ ಸೀಮೆಗಳಿಂದ ಹೊಟ್ಟೆಪಾಡಿಗೆ ಬಂದು, ಮೀಸೆ ನರೆತ ಮೇಲೆ, ಮಕ್ಕಳು ಬೆಳೆದ ಮೇಲೆ ಇಲ್ಲಿನ ಭಾಷೆಯ ಅಕ್ಷರ ಕಲಿಯುವವರು ಈ ಊರಿನಲ್ಲಿ ಬೇಕಾದಷ್ಟು. ಅವರಿಗೆ ಕಲಿಸುವವರು ಬೇರೆ ಇದ್ದಾರೆ. ಕಲಿತದ್ದು ನಿಜವಾಗಿ ತಲೆಗೆ ಹತ್ತಿದೆಯೇ ಇಲ್ಲವೇ ಎಂದು ನೋಡಿ ಹೇಳುವುದು ಇವರ ಕಸುಬು. ‘ಓದು ಬಂದಿದೆ’ ಎಂದು ಇವರು ಚೀಟಿ ಕೊಟ್ಟರೆ ಕಾರ್ಖಾನೆಯಲ್ಲಿ, ಬಸ್ ಡಿಪೋದಲ್ಲಿ, ಬೇಕರಿಯಲ್ಲಿ ಒಂದು ಮೆಟ್ಟಿಲು ಮೇಲಿನ ಕೆಲಸ ಸಿಗುತ್ತದೆ. ಎಲ್ಲರೂ ಕರೆಯುವುದು ‘ಚಾದರದ ಮೇಡಂ’ ಎಂದು. ಪರೀಕ್ಷೆ ಮಾಡುವವರು ಲೋಕದಲ್ಲಿ ಕೋಟಿ ಜನ ಇದ್ದಾರು, ನಗು ಕೇಳಿ ಪಾಸು ಮಾಡುವವರು ಇವರೊಬ್ಬರೇ. ಇನ್ನೊಬ್ಬರಿದ್ದರೆ ಕರೆತನ್ನಿ, ಇವರ ಎದುರು ಕೂರಿಸೋಣ. ಮಧ್ಯಾಹ್ನದೊಳಗೆ ಸೋತು ಶಿಷ್ಯರಾಗದಿದ್ದರೆ ಕೇಳಿ. ಮೇಡಂ ಕಿವಿಯ ಮುಂದೆ ವೈದ್ಯರ ಸ್ಟೆತಾಸ್ಕೋಪು ನಾಚಿಕೊಂಡು ಜೇಬು ಸೇರುತ್ತದೆ. ಅರ್ಥವಾದ ನಗು, ಅರೆಬರೆ ಅರ್ಥವಾದ ನಗು, ಹೆದರಿಕೆಗೆ ಬಂದ ಸುಳ್ಳು ನಗು, ಎಲ್ಲವನ್ನೂ ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸಿಬಿಡುತ್ತಾರೆ.

"ಸುಳ್ಳು ನಗು ಒಂದು ಉಸಿರು ತಡವಾಗಿ ಬರುತ್ತೆ," ಎನ್ನುತ್ತಾರೆ ಮೇಡಂ, ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಸುರಿದುಕೊಳ್ಳುತ್ತ. "ನಗಬೇಕಾ ಬೇಡವಾ ಅಂತ ಯೋಚಿಸಿ ಬರುತ್ತಲ್ಲ, ಅದಕ್ಕೆ. ನಿಜವಾದ ನಗು ಯಾರನ್ನೂ ಕೇಳಿ ಬರಲ್ಲ."

ಕೋಣೆಯ ಬಾಗಿಲಲ್ಲಿ ಒಂದು ಉದ್ದನೆಯ ಬೆಂಚು. ಅದರ ತುದಿಯಲ್ಲಿ, ಎಲ್ಲರಿಗಿಂತ ಕೊನೆಗೆ, ಒಬ್ಬ ಹೆಂಗಸು ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಾರೆ. ಇವರು ‘ಗಂಟಕ್ಕ’. ಆಸ್ಪತ್ರೆಯಿಂದ ಬರುವ ಕೊಳೆಬಟ್ಟೆಯ ಗಂಟು ಬಿಚ್ಚಿ ನೀರಿಗೆ ಹಾಕುವುದು ಇವರ ಕೆಲಸ, ಅದಕ್ಕೆ ಆ ಹೆಸರು ಬಂತೆಂದು ಕೆಲವರು ಹೇಳುತ್ತಾರೆ. ಮುಖದ ಮೇಲೆ ಸದಾ ಒಂದು ಗಂಟು ಕಟ್ಟಿಕೊಂಡಿರುವುದರಿಂದ ಬಂತೆಂದು ಉಳಿದವರು ಹೇಳುತ್ತಾರೆ. ಆ ಮುಖ ನೋಡಿ ಹಾಲು ತಾನಾಗಿ ಮೊಸರಾದದ್ದನ್ನು ಕಂಡವರಿದ್ದಾರೆ.

ವರ್ಷಗಟ್ಟಲೆ ಬಟ್ಟೆ ಸೋಡಾದ ನೀರಿನಲ್ಲಿ ಅದ್ದಿದ ಆ ಕೈಗಳ ಬೆರಳ ಸಂದುಗಳು ಬೇಸಿಗೆಯ ಕೆರೆಯಂತೆ ಸೀಳಿವೆ. "ಇನ್ನು ಕೈ ನೀರಿಗೆ ಹಾಕಿದ್ರೆ ನನ್ನ ಹತ್ರ ಬರಬೇಡಿ" ಎಂದು ಡಾಕ್ಟರು ಹೇಳಿಯಾಗಿದೆ. ಒದ್ದೆ ಕೆಲಸ ಬಿಟ್ಟರೆ ಕಾರ್ಖಾನೆಯಲ್ಲಿ ಅವರಿಗೆ ಒಗ್ಗುವುದು ಒಂದೇ ಕೆಲಸ, ಗುಂಡಿ ಕೆಲಸ. ಅಂದರೆ ದೊಡ್ಡ ಒಗೆಯುವ ಯಂತ್ರದ ಮುಂದೆ ನಿಂತು, ಅದರ ಪುಟ್ಟ ಪರದೆಯ ಮೇಲೆ ಮೂಡುವ ಸಾಲುಗಳನ್ನು ಓದಿ, ತಕ್ಕ ಗುಂಡಿ ಒತ್ತುವುದು. ಓದು ಬಾರದವರನ್ನು ಅಲ್ಲಿ ನಿಲ್ಲಿಸುವುದಿಲ್ಲ. ಹಿಂದೊಮ್ಮೆ ಓದು ಬರುತ್ತದೆಂದು ಸುಳ್ಳು ಹೇಳಿ ನಿಂತವನೊಬ್ಬ ಅಂದಾಜಿನ ಮೇಲೆ ಗುಂಡಿ ಒತ್ತಿದ್ದಕ್ಕೆ, ಒಳಗೆ ಕಂಬಳಿಯಾಗಿ ಹೋದದ್ದು ಹೊರಗೆ ಕರವಸ್ತ್ರವಾಗಿ ಬಂತು. ಅದೇ ಗುಂಡಿ ಕೆಲಸ ಈಗ ಖಾಲಿ ಬಿದ್ದಿದೆ. ಗಂಟಕ್ಕ ಮೇಡಂ ಎದುರು ಮೂರು ಸಲ ಕೂತಿದ್ದಾರೆ. ಮೂರು ಸಲವೂ ಚಾದರದ ಆಚೆಯಿಂದ ನಗು ಬಂದಿಲ್ಲ. ಮೂರು ಸಲವೂ ಮೇಡಂ ‘ಓದು ಬಂದಿಲ್ಲ’ ಎಂದು ಬರೆದಿದ್ದಾರೆ.

ಇಂದು ಬೆಳಿಗ್ಗೆ ಮೇಸ್ತ್ರಿ ತಲೆ ಕೆರೆಯುತ್ತ ಚಾದರದ ಬಳಿ ಬಂದು ನಿಲ್ಲುತ್ತಾರೆ.

"ಮೇಡಂ, ಗುಂಡಿ ಕೆಲಸಕ್ಕೆ ಹೆಸರು ಇವತ್ತೇ ಕೊಡಬೇಕು. ಇಲ್ಲಾಂದ್ರೆ ಹೊರಗಿನವರನ್ನ ತಂದು ನಿಲ್ಲಿಸ್ತಾರೆ. ಗಂಟಕ್ಕ ಒಳ್ಳೆ ಹೆಂಗಸು. ಮನೆ ನಡೆಸೋದು ಅವರೊಬ್ಬರೇ. ನೀವು ಸ್ವಲ್ಪ..."

"ಸ್ವಲ್ಪ ಏನು?"

"ಸ್ವಲ್ಪ ನಗಿಸಿ ನೋಡಿ."

"ನಾನೇನು ಕಚಗುಳಿ ಇಡಲಾ ಮೇಸ್ತ್ರಿ? ಓದಿದ್ರೆ ನಗು ಬರುತ್ತೆ. ಬರದಿದ್ರೆ ನಾನೇನು ಮಾಡಲಿ?"

"ಕ್ಲಾಸಲ್ಲಿ ಗಟ್ಟಿಯಾಗಿ ಚೆನ್ನಾಗೇ ಓದ್ತಾರಂತೆ ಮೇಡಂ."

"ಗಟ್ಟಿಯಾಗಿ ಗಿಳಿನೂ ಓದುತ್ತೆ," ಎನ್ನುತ್ತಾರೆ ಮೇಡಂ. ಬಾಯಿ ಹಾಗೆನ್ನುತ್ತದೆ, ಕಣ್ಣು ಬೆಂಚಿನ ತುದಿಯ ಆ ಮುಚ್ಚಿದ ಕೈಗಳತ್ತ ಹೋಗಿ ಬರುತ್ತದೆ. ನಿನ್ನೆ ರಾತ್ರಿ ಅವರ ಊಟ ಅರ್ಧಕ್ಕೇ ನಿಂತಿತ್ತು. ತಟ್ಟೆಯ ಮುಂದೆ ಕೂತೇ ಗಂಟಕ್ಕನಿಗಾಗಿ ಹೊಸದೊಂದು ಹಾಳೆ ಬರೆದಿದ್ದಾರೆ, ಕಲ್ಲಿನ ಕಂಬವೂ ಹೊಟ್ಟೆ ಹಿಡಿದುಕೊಂಡು ನಗಬೇಕು, ಅಂಥದ್ದು.

ಈ ನಗೆಯ ಹುಚ್ಚು ಮೇಡಂಗೆ ಹುಟ್ಟಿನಿಂದ ಬಂದದ್ದಲ್ಲ. ಮೊದಮೊದಲು ಎಲ್ಲರಂತೆ ಇವರೂ ಪ್ರಶ್ನೆ ಕೇಳುತ್ತಿದ್ದರು. ಒಂದು ಪಾಠ, ಅದರ ಕೆಳಗೆ ಐದು ಪ್ರಶ್ನೆ. ಕಲಿಯುವವರು ಪಟಪಟ ಉತ್ತರ ಬರೆದು ಪಾಸಾಗುತ್ತಿದ್ದರು. ಪಾಸಾದವರಲ್ಲೇ ಒಬ್ಬ ಮರುದಿನ ‘ಒಳಗೆ ಬರಬೇಡಿ’ ಎಂದು ಬರೆದ ಬಾಗಿಲನ್ನು ತಳ್ಳಿಕೊಂಡು ಒಳಗೆ ಹೋಗಿ, ಬಣ್ಣ ಬಳಿದ ಹಸಿ ನೆಲದ ಮೇಲೆ ಜಾರಿ, ನೀಲಿಯಾಗಿ ಹೊರಬಂದ. ಎಲ್ಲೋ ಏನೋ ತಪ್ಪಿದೆ ಎಂದು ಮೇಡಂಗೆ ಅನುಮಾನ ಹತ್ತಿತು. ಮುಂದಿನ ಪರೀಕ್ಷೆಗೆ ಅರ್ಥವೇ ಇಲ್ಲದ ಒಂದು ಸಾಲು ಕಟ್ಟಿಕೊಂಡು ಹೋದರು: ‘ಒಂದು ಗಿಡಿಂಬ ಚೊರಕದ ಮೇಲೆ ಟುಪ್ಪಳವನ್ನು ಲೊಟಕಿತು. ಪ್ರಶ್ನೆ: ಗಿಡಿಂಬ ಏನನ್ನು ಲೊಟಕಿತು?’

ಇಡೀ ತರಗತಿ ಒಕ್ಕೊರಲಿನಿಂದ ಬರೆಯಿತು: ‘ಟುಪ್ಪಳವನ್ನು.’ ಎಲ್ಲರಿಗೂ ಪೂರ್ತಿ ಅಂಕ.

"ಟುಪ್ಪಳ ಅಂದ್ರೆ ಏನಪ್ಪಾ?" ಎಂದು ಮೇಡಂ ಮುಂದಿನ ಸಾಲಿನವನನ್ನು ಕೇಳಿದರು.

ಅವನು ಒಂದಿಷ್ಟೂ ಅಂಜದೆ ಹೇಳಿದ, "ಅದೇ ಮೇಡಂ, ಗಿಡಿಂಬ ಲೊಟಕೋದು."

ಅಂದು ಮನೆಗೆ ಬಂದ ಮೇಡಂ ತಲೆಯ ಮೇಲೆ ಕೈ ಹೊತ್ತು ಕೂತರು. ಪದಕ್ಕೆ ಪದ ಹೊಂದಿಸುವುದು ಓದಲ್ಲ. ಹಾಗಾದರೆ ಓದನ್ನು ಅಳೆಯುವುದು ಹೇಗೆ? ಉತ್ತರ ಸಿಕ್ಕಿದ್ದು ಮನೆಯ ಮುಂದಿನ ಕೋಣೆಯಲ್ಲಿ. ಮೇಡಂ ಗಂಡ ದರ್ಜಿ. ಹೊಲಿಗೆ ಯಂತ್ರದ ಮುಂದೆ ಕೂತು ಪತ್ರಿಕೆಯ ನಗೆಹನಿ ಓದುವುದು ಅವರ ಅಭ್ಯಾಸ. ಅಡುಗೆ ಮನೆಯಲ್ಲಿದ್ದ ಮೇಡಂಗೆ ಆ ದಿನ ಅವರ ‘ಹಹ್ಹಾ’ ಕೇಳಿಸಿತು. ಬೆಳಿಗ್ಗೆ ಅದೇ ನಗೆಹನಿಯನ್ನು ಇವರೂ ಓದಿದ್ದರು. ಗಂಡ ಈಗ ಕೊನೆಯ ಸಾಲಿಗೆ ಬಂದರು, ಅರ್ಥವೂ ಆಯಿತು ಎಂದು ಒಂದೂ ಪ್ರಶ್ನೆ ಕೇಳದೆ ಗೊತ್ತಾಗಿಹೋಯಿತು. ಕೈಯಲ್ಲಿದ್ದ ಸೌಟು ಕೈಯಲ್ಲೇ ಉಳಿಯಿತು.

"ಅವತ್ತಿಂದ ಪ್ರಶ್ನೆ ಕೇಳೋದನ್ನೇ ಬಿಟ್ಟೆ," ಎನ್ನುತ್ತಾರೆ ಮೇಡಂ. "ಉತ್ತರ ಪಕ್ಕದವರನ್ನ ನೋಡಿ ಬರೀಬಹುದು. ನಗು ಕದಿಯೋಕೆ ಆಗಲ್ಲ."

ಸೊಸೆಯ ಈ ಹೊಸ ವಿದ್ಯೆ ಕಂಡು ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದರು. "ನಗೋ ಹೆಂಗಸನ್ನ ನಂಬಬಾರದು ಅಂತಾರೆ. ನೀನು ನಗೋ ಊರನ್ನೇ ನಂಬ್ಕೊಂಡು ಹೊರಟಿದ್ದೀಯಲ್ಲೇ!" ತೊಂಬತ್ತು ದಾಟಿದ ಈ ಅತ್ತೆಯೇ ಮನೆಯ ಮೊದಲ ತಪಾಸಣೆ ಕೇಂದ್ರ. ಹೊಸ ಹಾಳೆ ಬರೆದ ಕೂಡಲೇ ಮೇಡಂ ಅದನ್ನು ಗಂಡನಿಗೂ ಅತ್ತೆಗೂ ಓದಲು ಕೊಡುತ್ತಾರೆ. ಗಂಡ ಎಲ್ಲಕ್ಕೂ ನಗುತ್ತಾರೆ, ಕರೆಂಟು ಬಿಲ್ಲಿಗೂ ನಗುತ್ತಾರೆ, ಹಾಗಾಗಿ ಅವರದು ಲೆಕ್ಕಕ್ಕಿಲ್ಲ. ಅತ್ತೆ ನಗುವುದು ಯಾರಾದರೂ ಬಿದ್ದರೆ ಮಾತ್ರ. ಆದ್ದರಿಂದ ಅತ್ತೆ ನಕ್ಕ ಹಾಳೆ ನೇರ ಕಸದ ಬುಟ್ಟಿಗೆ. ಇಬ್ಬರ ನಡುವೆ ಪಾರಾಗಿ ಉಳಿದದ್ದು ಪರೀಕ್ಷೆಗೆ ಹೋಗುತ್ತದೆ.

ಹೇಳಿದಷ್ಟು ಸುಲಭವಲ್ಲ ಈ ದುಡಿಮೆ. ಕಲಿತ ಪದಗಳಲ್ಲೇ ಬರೆಯಬೇಕು. ಯಾರ ಊರನ್ನೂ ಯಾರ ಮೈಬಣ್ಣವನ್ನೂ ಆಡಿಕೊಳ್ಳಬಾರದು. ನಗು ಕೊನೆಯ ಸಾಲಿನಲ್ಲೇ ಸಿಡಿಯಬೇಕು, ಅದಕ್ಕೆ ಮುಂಚೆ ಇಣುಕಲೂ ಬಾರದು. ಬರೆದು ಬರೆದು ಹರಿದು ಹಾಕಿದ ಹಾಳೆಗಳನ್ನು ಒಟ್ಟಿದರೆ ಚಂದ್ರನಿಗೆ ಏಣಿ ಹಾಕಬಹುದು. ಬೆಳಗಿನ ಜಾವ ಬಟ್ಟೆ ಕಾರ್ಖಾನೆ, ಬಿಸಿಲೇರುವ ಹೊತ್ತಿಗೆ ಬಸ್ ಡಿಪೋ, ಸಂಜೆ ಬೇಕರಿಯ ಹಿಂದಿನ ಉಗ್ರಾಣ. ಹೆಗಲಿಗೆ ಚೀಲ, ಕೈಯಲ್ಲಿ ಹಗ್ಗದ ಸುರುಳಿ. ಹಗ್ಗ ಹಿಡಿದು ಓಡಾಡುವ ಹೆಂಗಸನ್ನು ಕಂಡು ಊರಿನ ಎಮ್ಮೆಗಳು ದಾರಿ ಬಿಟ್ಟು ನಿಲ್ಲುತ್ತವೆ. ಮೇಲಿನ ಕಚೇರಿಯವರು ಮೊದಲು ಇವರನ್ನು ಕಂಡು ನಕ್ಕರಂತೆ, "ನಗಿಸೋದೂ ಒಂದು ಪರೀಕ್ಷೆನಾ?" ಎಂದು. ಮೇಡಂ ಕನ್ನಡಕದ ಹಾಳೆಯನ್ನು ಅವರ ಮುಂದಿಟ್ಟರು. ಓದಿದ ಸಾಹೇಬರು ಫಕ್ಕನೆ ನಕ್ಕುಬಿಟ್ಟರು. "ನೋಡಿ ಸಾರ್, ನಿಮಗೂ ಓದು ಬರುತ್ತೆ," ಎಂದು ಹೇಳಿ ಅನುಮತಿ ಪಡೆದುಕೊಂಡೇ ಬಂದರು.

ಇನ್ನು ಚಾದರ. ಅದು ಬಂದದ್ದು ಬಾಯ್ಲರ್ ನೋಡಿಕೊಳ್ಳುವ ಒಬ್ಬ ಚಾಲಾಕಿಯಿಂದ. ಅವನು ಎಂಥ ಹಾಳೆ ಕೊಟ್ಟರೂ ಸರಿಯಾದ ಜಾಗದಲ್ಲಿ ನಕ್ಕು ಪಾಸಾಗುತ್ತಿದ್ದ. ಮೇಡಂಗೆ ಅವನೆಂದರೆ ಹೆಮ್ಮೆ. ಒಂದು ದಿನ ನೋಡಿದರೆ ಹಾಳೆ ತಲೆಕೆಳಗಾಗಿದೆ, ಅವನು ನಗುತ್ತಿದ್ದಾನೆ! ಅವನು ಓದುತ್ತಿದ್ದದ್ದು ಹಾಳೆಯನ್ನಲ್ಲ, ಮೇಡಂ ಮುಖವನ್ನು. ಅವನ ಕಣ್ಣು ಕೊನೆಯ ಸಾಲಿಗೆ ಬಂತೆಂದು ಎಣಿಸಿದ ಕೂಡಲೇ, ತಾವೇ ಬರೆದ ನಗೆಗೆ ತಾವೇ ತಡೆಯಲಾರದೆ, ಮೇಡಂ ತುಟಿಯ ಮೂಲೆ ಒಂದೆಳೆ ಅಲ್ಲಾಡುತ್ತಿತ್ತು. ಅಷ್ಟು ಸಾಕಾಗಿತ್ತು ಅವನಿಗೆ. ಮರುದಿನವೇ ಕಾರ್ಖಾನೆಯಲ್ಲಿ ಒಂದು ಚಾದರ ಎರವಲು ಕೇಳಿ ನಡುವೆ ಕಟ್ಟಿದರು. ಅಂದಿನಿಂದ ಓದುತ್ತ ಕೂತವರ ಮುಖವನ್ನು ಮೇಡಂ ನೋಡಿಲ್ಲ, ಮೇಡಂ ಮುಖವನ್ನು ಅವರೂ ನೋಡಿಲ್ಲ.

ಈಗ ಗಂಟಕ್ಕನ ಸರದಿ. ಬೆಂಚಿನಲ್ಲಿ ಉಳಿದವರೆಲ್ಲ ಮುಗಿಸಿಯಾಗಿದೆ, ಆದರೂ ಯಾರೂ ಮನೆಗೆ ಹೊರಟಿಲ್ಲ. ಬಾಗಿಲ ಹೊರಗೆ ಕಿವಿಗಳ ಸಂತೆ. ಕುರ್ಚಿ ಕಿರುಗುಡುತ್ತದೆ. ಹಾಳೆ ತಿರುಗುತ್ತದೆ. ಈಚೆ ಮೇಡಂ ಕಣ್ಣು ಮುಚ್ಚಿಕೊಂಡಿದ್ದಾರೆ, ಪೆನ್ಸಿಲು ಹಿಡಿದ ಬೆರಳು ಬೆಳ್ಳಗಾಗಿದೆ. ‘ನಗಮ್ಮಾ, ಒಂದೇ ಒಂದು ಸಲ ನಗಮ್ಮಾ’ ಎಂದು ಒಳಗೊಳಗೇ ಕೇಳಿಕೊಳ್ಳುತ್ತಿದ್ದಾರೆ. ಹಾಳೆಯಲ್ಲಿರುವುದು ಇದು:

‘ಒಬ್ಬ ಕೆಲಸಗಾರ ರಾತ್ರಿ ಪಾಳಿ ಮುಗಿಸಿ ಬಸ್ಸು ಹತ್ತಿದ. ಖಾಲಿ ಊಟದ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಪಕ್ಕ ಕೂತ. ಕೂಡಲೇ ನಿದ್ದೆ ಬಂತು. ಕೊನೆಯ ನಿಲ್ದಾಣದಲ್ಲಿ ಕಂಡಕ್ಟರ್ ಎಬ್ಬಿಸಿದ. ಅವನ ಮನೆ ಹಿಂದೆಯೇ ಉಳಿದಿತ್ತು. ಅದೇ ಬಸ್ಸಿನಲ್ಲಿ ವಾಪಸು ಹೊರಟ. ಮತ್ತೆ ನಿದ್ದೆ ಬಂತು. ಎದ್ದಾಗ ಕೆಲಸದ ಜಾಗಕ್ಕೇ ಬಂದಿದ್ದ. ಹೀಗೆ ಆ ಕಡೆ ಈ ಕಡೆ ಹೋಗಿ ಸಂಜೆಯಾಯಿತು. ಕಂಡಕ್ಟರ್ ಕೇಳಿದ: ಅಣ್ಣಾ, ನಿಮ್ಮ ಮನೆ ಎಲ್ಲಿ? ಅವನು ಕಣ್ಣು ತೆರೆಯದೆ ಹೇಳಿದ: ಕಿಟಕಿ ಪಕ್ಕ.’

ಮೌನ. ಹಬೆ ಕೊಳವೆ ಸೀನುತ್ತದೆ. ಮತ್ತೆ ಮೌನ. ಹಾಳೆಯನ್ನು ಮೂರು ಸಲ ಓದಿ ಮುಗಿಸುವಷ್ಟು ಹೊತ್ತಾಯಿತು. ಆಚೆಯಿಂದ ನಗು ಹಾಗಿರಲಿ, ಉಸಿರಿನ ಸದ್ದೂ ಇಲ್ಲ. ಮೇಡಂ ಪೆನ್ಸಿಲಿನ ಮೊನೆ ಕಾಗದಕ್ಕೆ ತಾಗುತ್ತದೆ. ‘ಓ’ ಅಕ್ಷರದ ಅರ್ಧ ಬಳ್ಳಿ ಎಳೆದೂ ಆಯಿತು.

ಆಗ ನುಗ್ಗುತ್ತಾರೆ ಗಾಡಿ ಮಾಮ. ಒಗೆದ ಬಟ್ಟೆಯನ್ನು ಆಸ್ಪತ್ರೆಗೆ ಸಾಗಿಸುವ ಈ ಮಾಮ ಓಡಿ ಬಂದರೆ ಹಿಂದೆ ಸುಂಟರಗಾಳಿ ಏದುಸಿರು ಬಿಡುತ್ತ ಬರುತ್ತದೆ.

"ಮೇಡಂ, ತಪ್ಪು ತಿಳ್ಕೋಬೇಡಿ, ಈ ಚಾದರ ಹೆರಿಗೆ ವಾರ್ಡಿಂದು! ಒಂದು ಕಡಿಮೆ ಬೀಳ್ತಿದೆ, ಗಾಡಿ ಹೊರಟು ನಿಂತಿದೆ!"

"ಅಯ್ಯೋ ಮಾಮಾ, ಇಲ್ಲಿ ಪರೀಕ್ಷೆ ನಡೀತಿದೆ!"

"ಅಲ್ಲಿ ಹೆರಿಗೆನೇ ನಡೀತಿದೆ ಮೇಡಂ!"

ಮಾಮ ಚಾದರವನ್ನು ಸರ್ರನೆ ಎಳೆದು, ಕಂಕುಳಲ್ಲಿ ಅಮುಕಿಕೊಂಡು, ಬಂದ ವೇಗದಲ್ಲೇ ಮಾಯವಾಗುತ್ತಾರೆ.

ಎಷ್ಟೋ ವರ್ಷಗಳ ಮೇಲೆ, ಓದುತ್ತಿರುವ ಒಂದು ಮುಖ ಮೇಡಂ ಕಣ್ಣೆದುರಿಗಿದೆ. ಚಾದರ ಹೋದದ್ದೂ ಗಂಟಕ್ಕನಿಗೆ ತಿಳಿದಿಲ್ಲ. ಸೀಳಿದ ಬೆರಳು ಹಾಳೆಯ ಒಂದು ಸಾಲಿನ ಕೆಳಗೆ ನಿಂತಿದೆ. ಕಣ್ಣು ಮೇಲಿನ ಸಾಲಿಗೆ ಹೋಗುತ್ತದೆ, ಇಳಿದು ಬರುತ್ತದೆ, ಮತ್ತೆ ಅಲ್ಲೇ ನಿಲ್ಲುತ್ತದೆ. ಹುಬ್ಬಿನ ನಡುವಿನ ಆ ಪ್ರಸಿದ್ಧ ಗಂಟು ಒಂದೇ ಸಮನೆ ಬಿಗಿಯುತ್ತಿದೆ, ಸಡಿಲುತ್ತಿದೆ. ಮೇಡಂ ಪೆನ್ಸಿಲನ್ನು ಕೆಳಗಿಡುತ್ತಾರೆ.

ಗಂಟಕ್ಕ ತಲೆಯೆತ್ತುತ್ತಾರೆ. ಎದುರಿಗೆ ಬಟ್ಟೆಯ ಬದಲು ಮನುಷ್ಯರ ಮುಖ ಕಂಡು ಒಂದು ಕ್ಷಣ ಗಾಬರಿ. ಆಮೇಲೆ, ಸಿಕ್ಕಿದ್ದೇ ಸಮಯ ಎಂಬಂತೆ, "ಮೇಡಂ, ಒಂದು ಮಾತು ಕೇಳ್ಲಾ?"

"ಕೇಳಮ್ಮ."

"ಇವನು ಮನೆಗೆ ಹೋದ್ನಾ?"

"ಯಾರು?"

"ಇವನೇ, ಬಸ್ಸಲ್ಲಿ ಮಲಗಿದವನು. ಬೆಳಿಗ್ಗೆ ಬರಬೇಕಿತ್ತು, ಸಂಜೆ ಆಯ್ತು. ಮನೇಲಿ ಹೆಂಡ್ತಿ ಬಾಗಿಲು ತೆಗೆದಿಟ್ಟು ಕೂತಿರ್ತಾಳೆ. ಊಟ ಆರಿ ಹೋಗಿರುತ್ತೆ. ಅಕ್ಕಪಕ್ಕದ ಮನೆಗೆಲ್ಲ ಹೋಗಿ ಕೇಳಿರ್ತಾಳೆ. ಅದನ್ನ ನೀವು ಬರೀಲೇ ಇಲ್ಲ."

"ಹೆಂಡ್ತಿ ಇದ್ದಾಳೆ ಅಂತ ಹಾಳೇಲಿ ಎಲ್ಲಿದೆ?"

"ಇಲ್ಲಿ." ಗಂಟಕ್ಕ ಬೆರಳನ್ನು ಎರಡನೆಯ ಸಾಲಿಗೆ ಸರಿಸುತ್ತಾರೆ. "ಖಾಲಿ ಊಟದ ಡಬ್ಬಿ ಅಂತ ಇದೆಯಲ್ಲ. ಆ ಡಬ್ಬಿ ಕಟ್ಟಿಕೊಟ್ಟಿದ್ದು ಯಾರು?"

ಹಾಳೆ ಬರೆದ ಮೇಡಂಗೂ ಅದು ಹೊಳೆದಿರಲಿಲ್ಲ. ಅಷ್ಟು ಬೇಗ ಸೋಲೊಪ್ಪುವುದು ಹೇಗೆ? "ಅವನೇ ಕಟ್ಕೊಂಡಿರಬಹುದಲ್ಲ?"

ಗಂಟಕ್ಕ ಮೇಡಂ ಮುಖವನ್ನೇ ನೋಡುತ್ತಾರೆ. "ಬಸ್ಸಿಂದ ಇಳಿಯೋಕೆ ಎಚ್ಚರ ಆಗದವನು ಡಬ್ಬಿ ಕಟ್ಕೋತಾನಾ ಮೇಡಂ?"

ಇಸ್ತ್ರಿ ಕೋಣೆಯಲ್ಲಿ ಫಕ್ಕನೆ ಒಂದು ನಗು ಸಿಡಿಯುತ್ತದೆ. ನಕ್ಕವರು ಮೇಡಂ. ಯಾರನ್ನೂ ಕೇಳಿ ಬಂದ ನಗುವಲ್ಲ ಅದು. ಬಾಗಿಲಾಚೆ ಕಿವಿಗೊಟ್ಟವರು "ಗಂಟಕ್ಕ ನಕ್ಕರು! ಗಂಟಕ್ಕ ನಕ್ಕರು!" ಎಂದು ಕುಣಿದಾಡುತ್ತಾರೆ. ಕಾರ್ಖಾನೆಯ ತಗಡಿನ ಚಾವಣಿ ಒಂದು ಗೇಣು ಮೇಲೆದ್ದು ಮತ್ತೆ ಕೂರುತ್ತದೆ.

ನಗು ತಹಬಂದಿಗೆ ಬಂದ ಮೇಲೆ ಮೇಡಂ ತಮ್ಮ ಫ್ಲಾಸ್ಕಿನ ಚಹಾವನ್ನು ಮುಚ್ಚಳಕ್ಕೆ ಸುರಿದು ಗಂಟಕ್ಕನ ಕೈಗೆ ಕೊಡುತ್ತಾರೆ. ಮೊದಲ ಸಲ ಕೂತಾಗ ಗಂಟಕ್ಕನಿಗೆ ಸಿಕ್ಕಿದ್ದು ಅದೇ ಕನ್ನಡಕದ ಹಾಳೆ ಎಂಬುದು ಅವರಿಗೆ ನೆನಪಾಗುತ್ತದೆ. "ಕನ್ನಡಕದ ಕಥೆಗೆ ಯಾಕಮ್ಮ ನಗಲಿಲ್ಲ?"

"ಅದರಲ್ಲಿ ನಗೋಕೆ ಏನಿದೆ ಮೇಡಂ? ಬೋರ್ಡು ಓದಿ ಹೇಳೋಕೆ ಆ ಬೀದೀಲಿ ಒಬ್ಬರೂ ಇರಲಿಲ್ವಾ ಅಂತ ಬೇಜಾರಾಯ್ತು. ಈ ಊರಿಗೆ ಬಂದಾಗ ನನಗೂ ಯಾವ ಬೋರ್ಡೂ ಓದೋಕೆ ಬರ್ತಿರಲಿಲ್ಲ. ಮಗೂಗೆ ಜ್ವರ. ಚೀಟಿ ಹಿಡ್ಕೊಂಡು ಬೀದೀಲಿ ನಿಂತಿದ್ದೆ. ಒಬ್ಬರು ಅಜ್ಜ ಚೀಟಿ ಓದಿ, ಆಸ್ಪತ್ರೆ ಬಾಗಿಲವರೆಗೂ ನನ್ನ ಜೊತೆ ನಡ್ಕೊಂಡು ಬಂದ್ರು. ಕಾಲು ಎಳೀತಿದ್ರು ಪಾಪ, ಆದ್ರೂ ಬಂದ್ರು." ಗಂಟಕ್ಕ ಚಹಾ ಊದುತ್ತಾರೆ. "ಅವರನ್ನ ನೆನೆಸ್ಕೊಂಡೆ. ಅಷ್ಟರಲ್ಲಿ ನೀವು ಮುಂದಿನವರು ಬನ್ನಿ ಅಂದ್ರಿ."

ಮೇಡಂ ಸ್ಟೂಲನ್ನು ಗಂಟಕ್ಕನ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. "ಅವತ್ತೇ ಇದನ್ನ ಹೇಳಬಾರದಿತ್ತೇನೇ ತಾಯಿ?"

"ಚಾದರ ಇತ್ತಲ್ಲ ಮೇಡಂ. ಪರೀಕ್ಷೇಲಿ ಮಾತಾಡಬಾರದು ಅಂದ್ಕೊಂಡೆ."

ಮೇಸ್ತ್ರಿ ಓಡಿ ಬರುತ್ತಾರೆ. "ನಕ್ಕರಂತೆ?"

"ಅವಳು ನಗಲಿಲ್ಲ ಮೇಸ್ತ್ರಿ. ನಾನು ನಕ್ಕೆ."

"ಹಂಗಂದ್ರೆ... ಪಾಸೋ ಫೇಲೋ?"

"ಅವಳು ಪಾಸು. ಹೆಸರು ಕೊಡಿ, ಹೋಗಿ. ನಂದು ಇನ್ನೂ ಗೊತ್ತಿಲ್ಲ, ಮುಂದಿನ ತಿಂಗಳು ಕೂತು ನೋಡ್ತೀನಿ."

ಮುಂದಿನ ತಿಂಗಳು ಬಂದಿದೆ. ಅದೇ ಕೋಣೆ, ಅದೇ ಹಗ್ಗ, ಬೇರೊಂದು ಚಾದರ. ಈ ಸಲ ಹರಿದು ತೇಪೆ ಹಾಕಿದ್ದು, ಯಾವ ವಾರ್ಡಿಗೂ ಬೇಡವಾದದ್ದು. ಗಾಡಿ ಮಾಮನೇ ಹುಡುಕಿ ತಂದು, "ಇದನ್ನ ಯಮ ಬಂದ್ರೂ ಕೇಳಲ್ಲ ಮೇಡಂ" ಎಂದು ಕಟ್ಟಿಕೊಟ್ಟದ್ದು. ನಗು ಬಂದರೆ ಈಗಲೂ ಪಾಸು. ಬಾರದಿದ್ದರೆ ಮೇಡಂ ಪೆನ್ಸಿಲು ಮುಟ್ಟುವುದಿಲ್ಲ. ಚಾದರದ ಅಂಚನ್ನು ಎತ್ತಿ ಮುಖ ತೋರಿಸಿ, "ನಿನಗೇನಾದ್ರೂ ಕೇಳೋದಿದೆಯಾ?" ಎನ್ನುತ್ತಾರೆ. ಪ್ರಶ್ನೆ ಕೇಳುವುದು ಈಗ ಕಲಿಯುವವರ ಪಾಲಿಗೆ. ಹಾಳೆಯೊಳಗೆ ಹೋಗಿ ಬಂದವರು ಏನಾದರೊಂದು ಕೇಳಿಯೇ ಕೇಳುತ್ತಾರೆ. ಹೋಗದವರು ಸೀಲಿಂಗ್ ನೋಡುತ್ತಾರೆ.

ಹಿಂದೆ ಮೌನವಾಗಿ ಕೂತು ಫೇಲಾದವರನ್ನೆಲ್ಲ ಹುಡುಕಿಕೊಂಡು ಮೇಡಂ ಡಿಪೋ, ಬೇಕರಿ ಸುತ್ತುತ್ತಿದ್ದಾರೆ. ಚಪ್ಪಲಿ ಸವೆದು ಈಗ ಬರೀ ಪಟ್ಟಿ ಉಳಿದಿದೆ. ಬಸ್ಸು ತೊಳೆಯುವ ಒಬ್ಬರು, "ಆ ನಗೆ ನನಗೆ ಮೊದಲೇ ಗೊತ್ತಿತ್ತು ಮೇಡಂ, ನಮ್ಮೂರಲ್ಲಿ ಇನ್ನೂ ಚೆನ್ನಾಗಿ ಹೇಳ್ತಾರೆ" ಎಂದು ಹೇಳಿಯೇ ತೋರಿಸಿ ಪಾಸಾದರು. ಬೇಕರಿಯ ಹಿಟ್ಟು ನಾದುವವನು ಮಾತ್ರ ಕೈ ಮುಗಿದ. "ನನ್ನ ವಿಷಯದಲ್ಲಿ ನೀವು ಸರಿಯಾಗೇ ಇದ್ರಿ ಮೇಡಂ. ಒಂದಕ್ಷರ ಅರ್ಥ ಆಗಿರಲಿಲ್ಲ."

"ನಾನೇನು ಕಲಿಸಿದವಳಲ್ಲ," ಎನ್ನುತ್ತಾರೆ ಮೇಡಂ. "ಇವರೆಲ್ಲ ದಣಿದು ಬಂದು, ಕಣ್ಣು ಎಳೀತಿದ್ರೂ ಕೂತು ಕಲ್ತವರು. ನಾನು ಬಾಗಿಲಲ್ಲಿ ನಿಂತು ಬಂದ್ರಾ ಅಂತ ಕೇಳೋಳು ಅಷ್ಟೇ. ಬಂದವಳನ್ನೇ ಬಂದಿಲ್ಲ ಅಂತ ಮೂರು ಸಲ ವಾಪಸು ಕಳಿಸಿದ್ದೆ. ಆದ್ರೂ ನಾಲ್ಕನೇ ಸಲ ಬಂದ್ಲಲ್ಲ, ಅದು ಅವಳ ದೊಡ್ಡತನ. ಆ ಋಣ ನನ್ನ ಮೇಲಿದೆ."

ಋಣ ತೀರಿಸಲು ಮೇಡಂ ಇಂದು ಚೀಲದಲ್ಲಿ ಒಂದು ಹಾಳೆ ತಂದಿದ್ದಾರೆ. ಪರೀಕ್ಷೆಗೆ ಅಲ್ಲ. ಗಂಟಕ್ಕ ಈಗ ದೊಡ್ಡ ಯಂತ್ರದ ಮುಂದೆ ಒಣಗಿದ ಕೈಗಳಿಂದ ನಿಂತಿದ್ದಾರೆ. ಬೆರಳ ಸೀಳುಗಳು ಒಂದೊಂದಾಗಿ ಕೂಡಿಕೊಂಡಿವೆ. ಪರದೆಯ ಮೇಲೆ ‘ಬಾಗಿಲು ಭದ್ರವಾಗಿಲ್ಲ’ ಎಂದು ಮೂಡಿದರೆ ಗುಂಡಿ ಮುಟ್ಟುವ ಮೊದಲು ಇಡೀ ಸಾಲನ್ನು ಎರಡು ಸಲ ಓದುತ್ತಾರೆ. ಅವರು ಬಂದ ಮೇಲೆ ಒಂದು ಕಂಬಳಿಯೂ ಕರವಸ್ತ್ರವಾಗಿಲ್ಲ. ಕಂಬಳಿಗಳು ಅವರನ್ನು ಕಂಡರೆ ಎದ್ದು ನಿಂತು ನಮಸ್ಕಾರ ಮಾಡುತ್ತವೆ ಎಂದು ಮೇಸ್ತ್ರಿ ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದಾರೆ.

"ನೀನು ಕೇಳಿದ್ಯಲ್ಲ, ಮನೆಗೆ ಹೋದ್ನಾ ಅಂತ. ಇಲ್ಲಿದೆ. ಬಿಡುವಾದಾಗ ಓದ್ಕೋ," ಎಂದು ಹಾಳೆಯನ್ನು ಗಂಟಕ್ಕನ ಕೈಗಿಟ್ಟು ಮೇಡಂ ಹೊರಟುಬಿಡುತ್ತಾರೆ. ಡಿಪೋದ ಪರೀಕ್ಷೆಗೆ ಹೊತ್ತಾಗಿದೆ. ಹಾಳೆಯಲ್ಲಿರುವುದು ಇಷ್ಟೇ:

‘ಕೊನೆಗೂ ಅವನು ಮನೆಗೆ ಬಂದ. ಬಾಗಿಲು ತೆರೆದೇ ಇತ್ತು. ಹೆಂಡತಿ ಬೈಯಲಿಲ್ಲ. ಊಟ ಬಿಸಿ ಮಾಡಿ ಬಡಿಸಿದಳು. ಅವನು ಬಸ್ಸಿನಲ್ಲಿ ನಡೆದದ್ದನ್ನೆಲ್ಲ ಹೇಳುತ್ತ ಹೊಟ್ಟೆ ತುಂಬ ಉಂಡ. ಅವಳು ಡಬ್ಬಿ ತೊಳೆದು, ಮತ್ತೆ ತುಂಬಿ, ಅವನ ಕೈಗೆ ಕೊಟ್ಟಳು. ಹೊರಡಿ, ರಾತ್ರಿ ಪಾಳಿಗೆ ಹೊತ್ತಾಯಿತು ಎಂದಳು. ಆಮೇಲೆ ತಾನೂ ಚಪ್ಪಲಿ ಹಾಕಿಕೊಂಡಳು. ನೀನು ಎಲ್ಲಿಗೆ ಎಂದು ಅವನು ಕೇಳಿದ. ಅವಳು ಹೇಳಿದಳು: ಆ ಕಿಟಕಿ ಪಕ್ಕದ ಮನೆ ನಾನೂ ಒಮ್ಮೆ ನೋಡಬೇಕು.’

ಮೇಡಂ ಗೇಟು ದಾಟಿ ಬೀದಿಗೆ ಇಳಿದಿದ್ದಾರೆ. ಹಿಂದಿನಿಂದ ಗಾಡಿ ಮಾಮ ಕೂಗುತ್ತ ಓಡಿ ಬರುತ್ತಾರೆ.

"ಮೇಡಂ! ಗಂಟಕ್ಕ ನಕ್ಕುಬಿಟ್ರು! ನನ್ನಾಣೆ, ಕಣ್ಣಾರೆ ಕಂಡೆ! ಯಂತ್ರದ ಸದ್ದಲ್ಲಿ ಕೇಳಿಸಲಿಲ್ಲ, ಆದ್ರೆ ಹಲ್ಲು ಅಷ್ಟೂ ಕಾಣಿಸ್ತು! ಬನ್ನಿ ಬನ್ನಿ, ಇನ್ನೊಂದ್ಸಲ ಓದಿಸೋಣ, ನೀವೂ ಕೇಳಿ!"

ಮೇಡಂ ಹಗ್ಗದ ಸುರುಳಿಯನ್ನು ಹೆಗಲಿಗೇರಿಸಿಕೊಳ್ಳುತ್ತಾರೆ. ಮೂರು ಬೀದಿಯಾಚೆ ಇರುವೆ ಕೆಮ್ಮಿದರೂ ಕೇಳುವ ಆ ಕಿವಿಗಳು ಈ ಒಂದು ನಗುವನ್ನು ಕೇಳಲಿಲ್ಲ. ಅದಕ್ಕೆ ಅವರ ಮುಖದಲ್ಲಿ ಎಳ್ಳಷ್ಟೂ ಬೇಸರವಿಲ್ಲ.

"ಬೇಡ ಮಾಮ," ಎನ್ನುತ್ತಾರೆ, ನಡೆಯುತ್ತಲೇ. "ನಾನಿದ್ದಾಗ ನಕ್ಕಿದ್ರೆ ಅದು ನನ್ನ ಪರೀಕ್ಷೆ ಆಗ್ತಿತ್ತು. ನಾನು ಹೊರಟು ಬಂದ ಮೇಲೆ ನಕ್ಕಿದ್ದಾಳೆ. ಅದು ಅವಳ ಓದು. ಬಿಡಿ, ನೆಮ್ಮದಿಯಾಗಿ ಓದ್ಕೊಳ್ಲಿ."